ಕಲ್ಲಿನಲ್ಲಿ ಉಳಿದ ಸಾವು

ಹೋರಾಡಿ ಮಡಿದವರ ನೆನಪಿಗೆ ನಮ್ಮ ಹಿರಿಯರು ವೀರಗಲ್ಲು ನಿಲ್ಲಿಸುತ್ತಿದ್ದರು. ಸಾಮಾನ್ಯವಾಗಿ ಅದರ ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ ಇರುತ್ತದೆ.

ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಇವುಗಳಿಂದ ಭಿನ್ನವಾದುದು. ನಮ್ಮ ನಾಡಿನ ಮಳಖೇಡದಿಂದ ಆಳಿದ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಕ್ರಿ.ಶ. 949ರ ತಕ್ಕೋಲಂ ಯುದ್ಧದಲ್ಲಿ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನೆಂದು ಅದರ ಶಾಸನ ಹೇಳುತ್ತದೆ. ಬೂತುಗನ ಸೇವಕ ಮಣಲೇರನು ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ ‘ಕಾಳಿ’ ಎಂಬ ನಾಯಿಯನ್ನು ಬೇಡಿ ಪಡೆದನು. ಮುಂದೆ ಬೇಟೆಯಲ್ಲಿ ಕಾಳಿಯೂ ಕಾಡುಹಂದಿಯೂ ಕಾದಾಡಿ ಎರಡೂ ಸತ್ತವು. ಆ ಕಾದಾಟವನ್ನೇ ಶಿಲ್ಪಿ ಕಲ್ಲಿನ ಮೇಲೆ ಕೆತ್ತಿದ್ದಾನೆ.

ರಾಜನ ಸಾವಿಗೆ ಅಕ್ಷರ ಸಾಕಾಯಿತು. ನಾಯಿಯ ಸಾವಿಗೆ ಚಿತ್ರವೂ ಬೇಕಾಯಿತು. ಹೊಲದ ಬದುವಿನಲ್ಲಿ ವೀರಗಲ್ಲು ಕಂಡರೆ ಅದನ್ನು ಬಟ್ಟೆ ಒಗೆಯುವ ಬಂಡೆಯಾಗಿಸದೆ ಕಾಪಾಡೋಣ. ಅದು ಒಂದು ಪ್ರಾಣದ ಗುರುತು.