ಶಿಖರದಿಂದ ಕಾಣುವುದೂ ಕಾಣದಿರುವುದೂ

ಬೆಟ್ಟವನ್ನೇರಿ ನಾಲ್ಕು ದಿಕ್ಕುಗಳನ್ನೂ ನೋಡಬೇಕೆಂಬ ಆಸೆ ಮನುಷ್ಯನಿಗೆ ಸ್ವಾಭಾವಿಕವಾದುದು. ರಜೆ ಬಂದೊಡನೆ ನಮ್ಮ ನಗರದ ಕುಟುಂಬಗಳು ನಂದಿಗೋ ಸಾವನದುರ್ಗಕ್ಕೋ ಶಿವಗಂಗೆಗೋ ಹೊರಡುವುವು. ಇನ್ನೂ ಅನುಕೂಲವುಳ್ಳವರು ಪಶ್ಚಿಮ ಘಟ್ಟಗಳವರೆಗೆ ಹೋಗಿ, ಆಗುಂಬೆಯ ಸೂರ್ಯಾಸ್ತವನ್ನೂ ಕೊಡಚಾದ್ರಿಯ ನೆತ್ತಿಯಿಂದ ಪಶ್ಚಿಮ ಸಮುದ್ರವನ್ನೂ ನೋಡಿ ಬರುವರು. ಆದರೆ ಹಿಂದಿರುಗಿದ ಮಕ್ಕಳನ್ನು “ಏನು ಕಂಡಿರಿ?” ಎಂದು ಕೇಳಿದರೆ, “ಬಹಳ ಚೆನ್ನಾಗಿತ್ತು” ಎಂಬುದಕ್ಕಿಂತ ಹೆಚ್ಚಿನ ಉತ್ತರ ದೊರೆಯುವುದು ಅಪರೂಪ. ಇದು ಮಕ್ಕಳ ದೋಷವಲ್ಲ. ನೋಡುವುದಕ್ಕೂ ಒಂದು ಪಾಠವುಂಟು. ಶಿಖರದ ಮೇಲೆ ನಿಂತವರು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಮೊದಲನೆಯದು, ಇಲ್ಲಿಂದ ನನ್ನ ಕಣ್ಣು ಎಷ್ಟು ದೂರ ಹೋಗುವುದು? ಎರಡನೆಯದು, ಇಲ್ಲಿ ಬಿದ್ದ ಮಳೆ ಎತ್ತ ಹೋಗುವುದು?

ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಅದಕ್ಕೆ ಸ್ವಲ್ಪ ಗಣಿತ ಸಾಕು. ಭೂಮಿಯು ಗುಂಡಾಗಿರುವುದರಿಂದ ಎತ್ತರಕ್ಕೆ ಹೋದಷ್ಟೂ ದಿಗಂತವು ಹಿಂದೆ ಸರಿಯುವುದು. ಎತ್ತರವನ್ನು ಅಡಿಗಳಲ್ಲಿ ತೆಗೆದುಕೊಂಡು, ಅದನ್ನು ಒಂದೂವರೆಯಿಂದ ಗುಣಿಸಿ, ವರ್ಗಮೂಲವನ್ನು ಕಂಡುಹಿಡಿದರೆ ದಿಗಂತದ ದೂರವು ಮೈಲಿಗಳಲ್ಲಿ ದೊರೆಯುವುದು. ಸಮುದ್ರದ ದಡದಲ್ಲಿ ನಿಂತವನ ಕಣ್ಣು ನೀರಿನಿಂದ 6 ಅಡಿ ಎತ್ತರದಲ್ಲಿದ್ದರೆ, ಆರರ ಒಂದೂವರೆಪಾಲು 9, ಅದರ ವರ್ಗಮೂಲ 3. ಎಂದರೆ ಅವನಿಗೆ ಮೂರು ಮೈಲಿಯಷ್ಟು ಸಮುದ್ರ ಮಾತ್ರ ಕಾಣುವುದು. ಕೊಡಚಾದ್ರಿಯ ಎತ್ತರ ಸುಮಾರು 4,400 ಅಡಿ. ಲೆಕ್ಕ ಹಾಕಿದರೆ ದಿಗಂತವು 81 ಮೈಲಿ ದೂರಕ್ಕೆ ಹೋಗುವುದು. ಅಲ್ಲಿಂದ ಕಡಲತೀರವು ನೇರದಾರಿಯಲ್ಲಿ 20 ಮೈಲಿಗೂ ಕಡಮೆ. ಆದುದರಿಂದಲೇ ಆಕಾಶವು ನಿರ್ಮಲವಾಗಿರುವ ದಿನ ಸಮುದ್ರವು ಅಲ್ಲಿಂದ ಬೆಳ್ಳಿಯ ಪಟ್ಟಿಯಂತೆ ಹೊಳೆಯುವುದು. ಕುದುರೆಮುಖವು ಇದಕ್ಕಿಂತಲೂ ಉನ್ನತವಾದುದು, ಸುಮಾರು 6,200 ಅಡಿ. ಅದರ ದಿಗಂತ 96 ಮೈಲಿ. ಹಿಂದೆ ಹಾಯಿಹಡಗಿನವರು ಈ ಶಿಖರವನ್ನೇ ಕರಾವಳಿಯ ಗುರುತಾಗಿ ಇಟ್ಟುಕೊಂಡಿದ್ದರೆಂಬುದು ಈ ಲೆಕ್ಕವನ್ನು ನೋಡಿದರೆ ಆಶ್ಚರ್ಯವಲ್ಲ. ನಂದಿಯಂತಹ ಒಳನಾಡಿನ ಬೆಟ್ಟಕ್ಕೆ ಮಾತ್ರ ಸಮುದ್ರಮಟ್ಟದಿಂದ ಅಳೆದ 4,851 ಅಡಿಗಳನ್ನು ತೆಗೆದುಕೊಳ್ಳಲಾಗದು; ಸುತ್ತಣ ಬಯಲಿನಿಂದ ಮೇಲಕ್ಕಿರುವ ಎತ್ತರವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು.

ಎರಡನೆಯ ಪ್ರಶ್ನೆ ಕಠಿಣವಾದುದು. ಏಕೆಂದರೆ ನೀರಿನ ದಾರಿಯ ಬಹುಭಾಗವು ಶಿಖರದಿಂದ ಕಾಣುವುದಿಲ್ಲ. ಅದನ್ನು ತಿಳಿದೇ ನೋಡಬೇಕು. ಇದನ್ನು ಕಲಿಯಲು ದೂರ ಹೋಗಬೇಕಾದುದಿಲ್ಲ. ಲಾಲ್‌ಬಾಗಿನ ಬಂಡೆಯೇ ಸಾಕು. ಕೆಂಪೇಗೌಡರ ಗೋಪುರವಿರುವ ಈ ಬಂಡೆಯು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದೆಂದು ಭೂವಿಜ್ಞಾನಿಗಳು ಹೇಳುವರು. 1975ರಲ್ಲಿ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಲಾಯಿತು. ಇಲ್ಲಿಂದ ಪಶ್ಚಿಮಕ್ಕೆ ಸ್ವಲ್ಪವೇ ದೂರದಲ್ಲಿ ಬಸವನಗುಡಿಯ ಕಹಳೆಬಂಡೆಯೂ ದೊಡ್ಡ ಬಸವಣ್ಣನ ಗುಡಿಯೂ ಇವೆ. ಲಾಲ್‌ಬಾಗಿನ ಕೆರೆಯ ನೀರು ಕೋರಮಂಗಲದ ಕಣಿವೆಯನ್ನು ಹಿಡಿದು, ಬೆಳ್ಳಂದೂರಿನ ಮಾರ್ಗವಾಗಿ ದಕ್ಷಿಣ ಪಿನಾಕಿನಿಯನ್ನು ಸೇರುವುದು. ಬಸವನಗುಡಿಯ ಪಶ್ಚಿಮದ ಇಳಿಜಾರಿನ ನೀರಾದರೋ ಕೆಂಪಾಂಬುಧಿಯ ಕಡೆಗೆ ಇಳಿದು ವೃಷಭಾವತಿಯಾಗಿ ಅರ್ಕಾವತಿಗೂ, ಅಲ್ಲಿಂದ ಕಾವೇರಿಗೂ ಹೋಗುವುದು. ಬಸವಣ್ಣನ ಪಾದದಲ್ಲಿ ಹುಟ್ಟಿದುದರಿಂದ ಈ ಹೊಳೆಗೆ ವೃಷಭಾವತಿಯೆಂಬ ಹೆಸರು ಬಂದಿತೆಂದು ಹಿರಿಯರು ಹೇಳುತ್ತಾರೆ. ಹೀಗೆ ಒಂದೇ ಮೋಡದಿಂದ ಬಿದ್ದ ಎರಡು ಹನಿಗಳು, ಎರಡು ಬೀದಿಗಳ ಅಂತರದಿಂದ, ಎರಡು ಬೇರೆ ನದಿಗಳ ಪಾಲಾಗುವುವು. ನೀರನ್ನು ಹೀಗೆ ಇಬ್ಭಾಗ ಮಾಡುವ ಏಣಿಗೆ ಜಲವಿಭಾಜಕವೆಂದು ಹೆಸರು.

ಇದೇ ವ್ಯವಸ್ಥೆಯು ಪಶ್ಚಿಮ ಘಟ್ಟಗಳಲ್ಲಿ ಬಹು ದೊಡ್ಡ ಪ್ರಮಾಣದಲ್ಲಿದೆ. ಜೂನ್ ತಿಂಗಳಲ್ಲಿ ಸಮುದ್ರದ ಮೇಲಿಂದ ಬರುವ ತೇವದ ಗಾಳಿಯನ್ನು ಘಟ್ಟದ ಗೋಡೆ ಅಡ್ಡಗಟ್ಟುವುದು. ಮೇಲೇರಿದ ಗಾಳಿ ತಣ್ಣಗಾಗಿ ಮಳೆಯನ್ನು ಸುರಿಸುವುದು. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 300 ಅಂಗುಲ ಮಳೆಯಾದರೆ ನಮ್ಮ ಬೆಂಗಳೂರಿನಲ್ಲಿ 38 ಅಂಗುಲವಷ್ಟೆ. ಹೀಗೆ ಬಿದ್ದ ಮಳೆಯೆಲ್ಲವೂ ಹತ್ತಿರದ ಸಮುದ್ರಕ್ಕೇ ಇಳಿದುಹೋಗುವುದೆಂದು ನಾವು ಊಹಿಸಬಹುದು. ಆದರೆ ದಕ್ಖನಿನ ಪ್ರಸ್ಥಭೂಮಿ ಪೂರ್ವಕ್ಕೆ ಬಾಗಿರುವುದರಿಂದ ಹಾಗಾಗುವುದಿಲ್ಲ. ಕುದುರೆಮುಖದ ಸಮೀಪದ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಎಂಬ ಮೂರು ನದಿಗಳು ಹುಟ್ಟುವುವು. ನೇತ್ರಾವತಿಯು ಘಟ್ಟವನ್ನಿಳಿದು ಮಂಗಳೂರಿನಲ್ಲಿ ಪಶ್ಚಿಮ ಸಮುದ್ರವನ್ನು ಕೂಡುವುದು. ತುಂಗಾಭದ್ರೆಯರು ಸಮುದ್ರಕ್ಕೆ ಬೆನ್ನು ತಿರುಗಿಸಿ, ಕೂಡಲಿಯಲ್ಲಿ ಒಂದಾಗಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುವುವು. ಕಾವೇರಿಯೂ ಹಾಗೆಯೇ. ತಲಕಾವೇರಿಯಿಂದ ಪಶ್ಚಿಮದ ಕಡಲು ಸುಮಾರು 30 ಮೈಲಿ; ಆದರೂ ಆ ನದಿಯು 500 ಮೈಲಿಗಳ ದಾರಿಯನ್ನು ಸವೆಸಿ ಪೂರ್ವದ ಕಡಲನ್ನು ಸೇರುವುದು.

ಕಡಲನ್ನು ಕಾಣುತ್ತ ಹುಟ್ಟಿ ಕಡಲಿಗೆ ವಿಮುಖವಾಗುವ ನದಿಗಳು ಬೇರೆ ದೇಶಗಳಲ್ಲಿಯೂ ಉಂಟು. ಇಟಲಿಯ ವಾಯವ್ಯದಲ್ಲಿ ಮೆಡಿಟರೇನಿಯನ್ ಸಮುದ್ರದ ಅಂಚಿನಲ್ಲಿಯೇ ಲಿಗೂರಿಯಾ ಎಂಬ ಪ್ರಾಂತವಿದೆ. ಅದರ ಅತ್ಯುನ್ನತ ಶಿಖರವಾದ ಸಕ್ಕರೆಲ್ಲೋ ಸುಮಾರು 7,200 ಅಡಿ. ಅಲ್ಲಿಂದ ದಕ್ಷಿಣಕ್ಕೆ ನೀಲಸಮುದ್ರವೂ ಉತ್ತರಕ್ಕೆ ಹಿಮಾವೃತವಾದ ಆಲ್ಪ್ಸ್ ಪರ್ವತಗಳೂ ಕಾಣುವುವು. ಆ ಬೆಟ್ಟಗಳಲ್ಲಿ ಹುಟ್ಟುವ ತಾನಾರೋ ನದಿಯು ಹತ್ತಿರದ ಕಡಲನ್ನು ಬಿಟ್ಟು ಉತ್ತರಕ್ಕೆ ಹರಿದು, ಪೋ ನದಿಯನ್ನು ಕೂಡಿ, ಇಟಲಿಯ ಮತ್ತೊಂದು ಮಗ್ಗುಲಿನ ಏಡ್ರಿಯಾಟಿಕ್ ಸಮುದ್ರವನ್ನು ಮುಟ್ಟುವುದು. ಪೋ ನದಿಯ ಬಯಲಿನ ರೈತನಿಗೂ ಮಂಡ್ಯದ ರೈತನಿಗೂ ನೀರು ಬರುವುದು ತಮ್ಮ ಹೊಲದಿಂದ ಕಾಣದ ಬೆಟ್ಟಗಳಿಂದಲೇ.

ಆದಕಾರಣ ಶಿಖರದ ಯೋಗಕ್ಷೇಮವು ಅಲ್ಲಿ ವಾಸಿಸುವವರಿಗೆ ಮಾತ್ರ ಸೇರಿದ ಸಂಗತಿಯಲ್ಲ. ಘಟ್ಟದ ನೆತ್ತಿಯ ಹುಲ್ಲುಗಾವಲೂ ಅದರ ಮಡಿಲಿನ ಶೋಲಾ ಕಾಡೂ ಮಳೆಯ ನೀರನ್ನು ಹೀರಿಟ್ಟುಕೊಂಡು ಬೇಸಗೆಯವರೆಗೆ ಸ್ವಲ್ಪ ಸ್ವಲ್ಪವಾಗಿ ಬಿಡುವುವು. ಅವು ಹೋದರೆ ಮಳೆಗಾಲದಲ್ಲಿ ಮಣ್ಣು ಕೊಚ್ಚಿಹೋಗುವುದು, ಬೇಸಗೆಯಲ್ಲಿ ಹೊಳೆ ಬತ್ತುವುದು. ಕುದುರೆಮುಖದಲ್ಲಿ ಕಬ್ಬಿಣದ ಅದಿರಿಗಾಗಿ 1976ರಲ್ಲಿ ಕಂಪೆನಿಯೊಂದು ಸ್ಥಾಪಿತವಾಯಿತು. 1987ರಲ್ಲಿ ಅದೇ ಪ್ರದೇಶವು ರಾಷ್ಟ್ರೀಯ ಉದ್ಯಾನವೂ ಆಯಿತು. ಉದ್ಯೋಗವೂ ಬೇಕು, ಕಾಡೂ ಬೇಕು ಎಂಬ ಈ ಇಕ್ಕಟ್ಟು ಸುಲಭವಾದುದಲ್ಲ. ಗಣಿಯನ್ನು ನಂಬಿ ಅಲ್ಲಿ ಒಂದು ಊರೇ ಬೆಳೆದಿದ್ದಿತು. ಕೊನೆಗೆ ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. 2012ರಲ್ಲಿ ಪಶ್ಚಿಮ ಘಟ್ಟಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು.

ಇದರಿಂದ ಬೆಂಗಳೂರಿನವರಾದ ನಮಗೇನೆಂದು ಯಾರಾದರೂ ಕೇಳಬಹುದು. ಒಂದು ಕಾಲದಲ್ಲಿ ನಮ್ಮ ನಗರವು ಹೆಸರಘಟ್ಟದ ಕೆರೆಯಿಂದಲೂ, 1933ರಿಂದ ತಿಪ್ಪಗೊಂಡನಹಳ್ಳಿಯ ಜಲಾಶಯದಿಂದಲೂ ನೀರು ಪಡೆಯುತ್ತಿದ್ದಿತು. ಅವೆರಡೂ ನಂದಿಯ ಸೀಮೆಯಲ್ಲಿ ಹುಟ್ಟುವ ಅರ್ಕಾವತಿಯವು. ನಗರವು ಬೆಳೆದಂತೆ ಅದು ಸಾಲದಾಗಿ, 1974ರಲ್ಲಿ ಕಾವೇರಿಯ ನೀರು ಬಂದಿತು. ಸುಮಾರು 60 ಮೈಲಿ ದೂರದ ತೊರೆಕಾಡನಹಳ್ಳಿಯಿಂದ, 1,600 ಅಡಿಗಳಷ್ಟು ಮೇಲಕ್ಕೆ ಯಂತ್ರಗಳಿಂದ ಎತ್ತಲ್ಪಟ್ಟು ಆ ನೀರು ನಮ್ಮ ನಲ್ಲಿಗಳನ್ನು ಮುಟ್ಟುವುದು. ಕೊಡಗಿನ ಶಿಖರದಿಂದ ತಾನಾಗಿ ಇಳಿದ ನೀರನ್ನು ನಾವು ಬಹಳ ವೆಚ್ಚದಿಂದ ಪುನಃ ಬೆಟ್ಟವನ್ನು ಹತ್ತಿಸುತ್ತಿದ್ದೇವೆ. ಬಳಿಕ ಅದನ್ನೇ ಕೊಳೆಮಾಡಿ, ಅದರಲ್ಲೊಂದು ಭಾಗವನ್ನು ವೃಷಭಾವತಿಗೆ ಬಿಡುತ್ತೇವೆ. ವೃಷಭಾವತಿಯು ಅದನ್ನು ಅರ್ಕಾವತಿಗೂ, ಅರ್ಕಾವತಿಯು ಕನಕಪುರದ ಆಚೆಯ ಸಂಗಮದಲ್ಲಿ ಕಾವೇರಿಗೂ ಒಪ್ಪಿಸುವುವು. ಘಟ್ಟವು ನಿರ್ಮಲವಾಗಿ ಕೊಟ್ಟುದನ್ನು ನಾವು ಮಲಿನವಾಗಿ ಹಿಂದಿರುಗಿಸುತ್ತಿದ್ದೇವೆ. ಕೆಳಗಿನ ಊರುಗಳವರು ಅದರ ಫಲವನ್ನುಣ್ಣುವರು.

ಈ ಶಾಲೆಯಲ್ಲಿ ಭೂಗೋಳವನ್ನು ಓದಿ ಇಂದು ತಾಯಂದಿರೂ ಉಪಾಧ್ಯಾಯಿನಿಯರೂ ಆಗಿರುವ ಸೋದರಿಯರು ಮುಂದಿನ ರಜೆಯಲ್ಲಿ ಮಕ್ಕಳೊಡನೆ ಬೆಟ್ಟಕ್ಕೆ ಹೋಗುವಾಗ, ತಿಂಡಿಯ ಬುಟ್ಟಿಯ ಜೊತೆಗೆ ಒಂದು ನಕ್ಷೆಯನ್ನೂ ಒಯ್ಯಲಿ. ಎತ್ತರವನ್ನು ಹೇಳಿ, ದಿಗಂತದ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಲಿ. ಆಮೇಲೆ ಕೈಯಲ್ಲಿರುವ ಲೋಟದ ನೀರನ್ನು ಬಂಡೆಯ ಮೇಲೆ ಸುರಿದು, ಅದು ಯಾವ ಇಳಿಜಾರನ್ನು ಹಿಡಿಯುವುದೆಂದೂ, ಯಾವ ಹಳ್ಳ, ಯಾವ ಕೆರೆ, ಯಾವ ನದಿಯ ಮೂಲಕ ಯಾವ ಕಡಲನ್ನು ಮುಟ್ಟುವುದೆಂದೂ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸುವಂತೆ ಕೇಳಲಿ. ಈ ದಾರಿಯನ್ನು ಒಮ್ಮೆ ಬೆರಳಿನಿಂದ ಅನುಸರಿಸಿದ ಮಗುವು ಬೆಟ್ಟದ ಮೇಲೆ ಕಸವನ್ನು ಎಸೆಯಲಾರದು. ಮನೆಯ ನಲ್ಲಿಯನ್ನು ತೆರೆದುಬಿಟ್ಟು ಹೋಗಲೂ ಅದಕ್ಕೆ ಮನಸ್ಸು ಬಾರದು.