ಹತ್ತು ಕೆಲಸದ ಕೈ

ಬೆಸುಗೆ, ಹೊಲಿಗೆ ಯಂತ್ರದ ರಿಪೇರಿ, ಪುಸ್ತಕದ ಬೈಂಡಿಂಗ್, ಸಣ್ಣಪುಟ್ಟ ಮರಗೆಲಸ, ತಾರಸಿಯ ಮೇಲೊಂದಿಷ್ಟು ಸೊಪ್ಪು, ಸಂಜೆ ವೀಣೆ. ಇಷ್ಟನ್ನೂ ಜೊತೆಗಿಟ್ಟುಕೊಂಡು ಬದುಕಿದವಳು ನಾನು. ದುಡಿದದ್ದು ದೂರವಾಣಿನಗರದ ಟೆಲಿಫೋನ್ ಕಾರ್ಖಾನೆಯಲ್ಲಿ, ಮನೆ ಹಲಸೂರಿನಲ್ಲಿ. ‘ಯಾವುದಾದರೂ ಒಂದನ್ನು ಹಿಡಿದು ಕೂರಬಾರದೇ’ ಎಂದು ನೆಂಟರು ಕೇಳುತ್ತಲೇ ಬಂದರು. ಇವತ್ತು ಅದೇ ಮಾತು ಕೇಳಿಸಿಕೊಳ್ಳುತ್ತಿರುವ ಹುಡುಗ ಹುಡುಗಿಯರಿಗೆಂದು ಇದನ್ನು ಬರೆಯುತ್ತಿದ್ದೇನೆ.

1. ಅನ್ನದ ಕಸುಬು ಒಂದೇ ಇರಲಿ, ಗೊತ್ತಿರುವ ಕೆಲಸ ಒಂದೇ ಆಗದಿರಲಿ.

ನಮ್ಮ ಕಾರ್ಖಾನೆ ಶುರುವಾದದ್ದು 1948ರಲ್ಲಿ. ಹಳೆಯ ಯಾಂತ್ರಿಕ ಬಗೆಯ ಸ್ಟ್ರೌಜರ್ ಎಕ್ಸ್‌ಚೇಂಜಿನ ರಿಲೇಗಳಿಗೆ ಸ್ಪ್ರಿಂಗ್ ಬಿಗಿ ಹೊಂದಿಸುವುದು ಅಲ್ಲಿ ದೊಡ್ಡ ವಿದ್ಯೆ. ಹಿರಿಯರು ಬೆರಳಿನ ಅಂದಾಜಿನಲ್ಲೇ ಬಿಗಿ ಹೇಳಿಬಿಡುತ್ತಿದ್ದರು, ಗೇಜು ಹಿಡಿದು ನೋಡಿದರೆ ಸರಿಯಾಗಿಯೇ ಇರುತ್ತಿತ್ತು. 1984ರಲ್ಲಿ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಹುಟ್ಟಿತು, ಎಕ್ಸ್‌ಚೇಂಜುಗಳು ಎಲೆಕ್ಟ್ರಾನಿಕ್ ಆಗುತ್ತ ಹೋದವು, ಆ ಬೆರಳುಗಳಿಗೆ ಕೆಲಸವಿಲ್ಲವಾಯಿತು. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆ 2002ರಲ್ಲಿ ಬಾಗಿಲು ಹಾಕಿದಾಗ ಮೋಟಾರು, ಟ್ರಾನ್ಸ್‌ಫಾರ್ಮರುಗಳನ್ನು ಕಣ್ಣುಮುಚ್ಚಿ ಬಲ್ಲವರೂ ಹೊರಗೆ ಬಂದರು. ಅವರ ಕೌಶಲದಲ್ಲಿ ಕೊರತೆ ಇರಲಿಲ್ಲ, ಕೆಲಸವೇ ಊರು ಬಿಟ್ಟಿತ್ತು. ಜೊತೆಗೆ ವೈರಿಂಗೋ ಟೈಲರಿಂಗೋ ಗೊತ್ತಿದ್ದವರು ಬೇಗ ಚೇತರಿಸಿಕೊಂಡದ್ದನ್ನು ಹತ್ತಿರದಿಂದ ಕಂಡಿದ್ದೇನೆ. ಹಾಗಂತ ಸಂಬಳದ ಕೆಲಸದಲ್ಲಿ ಅರೆಮನಸ್ಸು ಬೇಡ. ಮನೆ ನಡೆಸುವ ಕಸುಬು ಗಟ್ಟಿಯಾಗಿದ್ದರೆ ಮಾತ್ರ ಉಳಿದವು ನಿಮ್ಮನ್ನು ನೆಮ್ಮದಿಯಿಂದ ಬೆಳೆಸುತ್ತವೆ.

2. ಎರಡನೆಯ ವಿದ್ಯೆಗೆ ಮೊದಲನೆಯದೇ ಅರ್ಧ ದಾರಿ ತೋರಿಸುತ್ತದೆ.

ಅನೇಕ ಆಸಕ್ತಿಗಳಿರುವವರಿಗೆ ಆಳವಿಲ್ಲ ಎನ್ನುವವರು ಈ ಭಾಗವನ್ನು ನಿಧಾನವಾಗಿ ಓದಬೇಕು. ಮರಕ್ಕೆ ಎಳೆಯಿದೆ. ತೇವ ಕುಡಿದ ಮರ ಎಳೆಗೆ ಅಡ್ಡವಾಗಿ ಉಬ್ಬುತ್ತದೆ, ಉದ್ದಕ್ಕೆ ಬೆಳೆಯುವುದು ತೀರಾ ಕಡಿಮೆ. ಅದಕ್ಕೇ ಆಗಸ್ಟಿನ ಮಳೆಗೆ ನಮ್ಮ ಬಾಗಿಲುಗಳೆಲ್ಲ ಚೌಕಟ್ಟಿನ ಪಕ್ಕಕ್ಕೆ ಹಿಡಿದುಕೊಳ್ಳುವುದು. ಆಗ ರಂದ ಹೊಡೆಸಿದರೆ ಫೆಬ್ರವರಿಯಲ್ಲಿ ಬೆರಳು ತೂರುವಷ್ಟು ಸಂದು ಬಿಡುತ್ತದೆ. ಒಣಗಾಲದವರೆಗೆ ಕಾದು, ಆಮೇಲೂ ಹಿಡಿಯುತ್ತಿದ್ದರೆ ಮಾತ್ರ ಕೆತ್ತಿಸಿ.

ಕಾಗದಕ್ಕೂ ಎಳೆಯಿದೆ. ಹಾಳೆಯನ್ನು ಎರಡೂ ಕಡೆ ಮೆಲ್ಲಗೆ ಬಾಗಿಸಿ ನೋಡಿ, ಯಾವ ಕಡೆ ಸಲೀಸಾಗಿ ಬಾಗುತ್ತದೋ ಆ ಮಡಿಕೆಯ ಉದ್ದಕ್ಕೇ ಎಳೆ ಇರುತ್ತದೆ. ಪುಸ್ತಕದ ಬೆನ್ನು ಎಳೆಯ ದಿಕ್ಕಿಗೇ ಇರಬೇಕು. ಅಡ್ಡವಾದರೆ ಗೋಂದಿನ ತೇವಕ್ಕೆ ಹಾಳೆಗಳು ಸುಕ್ಕುಗಟ್ಟುತ್ತವೆ, ಪುಸ್ತಕ ಬಿಚ್ಚಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ಬಟ್ಟೆಯ ಹಾಸು ಹೊಕ್ಕಿನದೂ ಇದೇ ಲೆಕ್ಕ. ಹಾಸಿನ ಉದ್ದಕ್ಕೆ ಎಳೆದರೆ ಜಗ್ಗದ ಬಟ್ಟೆ ಮೂಲೆಯಿಂದ ಮೂಲೆಗೆ ಎಳೆದರೆ ಜಗ್ಗುತ್ತದೆ. ಟೈಲರುಗಳು ಕ್ರಾಸ್ ಕಟಿಂಗ್ ಎಂದು ರವಿಕೆ ಮೈಗೆ ಕೂರುವಂತೆ ಮಾಡುವುದು ಈ ಗುಣವನ್ನು ಹಿಡಿದೇ.

ಮರದಲ್ಲಿ ಇದನ್ನು ಅರಿತ ಕೈ ಕಾಗದಕ್ಕೆ ಬಂದಾಗ ತಾನಾಗಿ ಎಳೆ ಹುಡುಕುತ್ತದೆ. ಒಂದೇ ಕಸುಬಿನಲ್ಲಿ ಕೂತಿದ್ದರೆ ನನಗೆ ಈ ನಂಟು ಕಾಣುತ್ತಿರಲಿಲ್ಲ. ಇದನ್ನು ಆಳವಲ್ಲ ಎನ್ನಲು ನಾನು ಒಪ್ಪುವುದಿಲ್ಲ.

3. ಗುರುಗಳು ನಡೆದು ಹೋಗುವಷ್ಟು ದೂರದಲ್ಲೇ ಇದ್ದಾರೆ.

ಹಲಸೂರು ಸೇರಿದ ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದು 1809ರಲ್ಲಿ, ಶ್ರೀರಂಗಪಟ್ಟಣದಿಂದ ಬ್ರಿಟಿಷ್ ಸೇನೆ ಇಲ್ಲಿಗೆ ಬಂದಾಗ. ಸೈನ್ಯಕ್ಕೆ ಬೂಟು, ಜೀನು, ಕೋಟು, ಕುರ್ಚಿ ಬೇಕಿತ್ತು. ಅವನ್ನೆಲ್ಲ ಮಾಡಿಕೊಡುವವರು ಬಂದು ನೆಲೆಸಿದರು. ಸೇನೆಯಲ್ಲೂ ಒಂದೇ ಕೆಲಸ ಸಾಲದು. ಹಲಸೂರು ಕೆರೆಯ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸ್ಯಾಪರುಗಳನ್ನು, ಅಂದರೆ ಎಂಜಿನಿಯರಿಂಗ್ ಸಿಪಾಯಿಗಳನ್ನು, ನೋಡಿ. 1834ರಿಂದ ಅವರ ನೆಲೆ ಬೆಂಗಳೂರು. ಅಲ್ಲಿ ಸಿಪಾಯಿ ಬಂದೂಕಿನ ಜೊತೆಗೆ ಗಾರೆಯನ್ನೋ ಬಡಗಿ ಕೆಲಸವನ್ನೋ ವಿದ್ಯುತ್ ಕೆಲಸವನ್ನೋ ಕಲಿಯಲೇಬೇಕು.

ಅಂಥ ಕೈಗಳು ಇಂದಿಗೂ ಇಲ್ಲಿವೆ. ಶಿವಾಜಿನಗರದ ಗುಜರಿಯಲ್ಲಿ ಗಾಡಿಯ ಬಿಡಿಭಾಗ ಬಿಚ್ಚುವವರು, ರಸೆಲ್ ಮಾರ್ಕೆಟ್ಟಿನ ಸುತ್ತಿನ ಗಲ್ಲಿಗಳಲ್ಲಿ ಸಾಣೆ ಹಿಡಿಯುವವರು, ಹಲಸೂರಿನಲ್ಲಿ ಹಳೆಯ ಹೊಲಿಗೆ ಯಂತ್ರದ ಟೈಮಿಂಗ್ ಕೂರಿಸುವವರು, ಇವರೇ ನನ್ನ ಮೇಷ್ಟರುಗಳು. ಬೆಳಗಿನ ಗಿರಾಕಿಗಳ ಗದ್ದಲ ಇಳಿದ ಮೇಲೆ ಹೋಗಿ. ಕೆಟ್ಟ ವಸ್ತು ಕೈಯಲ್ಲಿರಲಿ. ‘ಎಷ್ಟಾಗುತ್ತೆ’ ಎನ್ನುವ ಮೊದಲು ‘ಯಾಕೆ ಹೀಗಾಯ್ತು’ ಎಂದು ಕೇಳಿ. ಕೂಲಿಯಲ್ಲಿ ಚೌಕಾಸಿ ಮಾಡಬೇಡಿ, ಅದು ಪಾಠದ ಫೀಸೂ ಹೌದು. ಒಬ್ಬರು ದಖನಿಯಲ್ಲಿ ಹೇಳುತ್ತಾರೆ, ಇನ್ನೊಬ್ಬರು ತಮಿಳಿನಲ್ಲಿ. ಎರಡನ್ನೂ ನಾನು ಕಲಿತದ್ದು ಅವರ ಅಂಗಡಿಯ ಮಣೆಯ ಮೇಲೆ ಕೂತು.

4. ಕೈ ಹಾಕಬಾರದ ಕಡೆ ಹಾಕಬೇಡಿ.

ಫ್ಯಾನು ನಿಧಾನವಾದರೆ ಬಹುಪಾಲು ಕಂಡೆನ್ಸರ್, ಅಂದರೆ ಕೆಪಾಸಿಟರ್, ಹೋಗಿರುತ್ತದೆ. ಸಾಮಾನ್ಯ ಸೀಲಿಂಗ್ ಫ್ಯಾನಿಗೆ 2.5 ಮೈಕ್ರೊಫ್ಯಾರಡ್‌ನದು ಸಾಕು, ಮೇನ್ ಆಫ್ ಮಾಡಿ ನೀವೇ ಬದಲಿಸಬಹುದು. ಹೊಲಿಗೆ ಬಿಟ್ಟುಬಿಟ್ಟು ಬಿದ್ದರೆ ಮೊದಲು ಸೂಜಿ ನೋಡಿ, ಮೊಂಡಾಗಿರುತ್ತದೆ ಅಥವಾ ಚಪ್ಪಟೆ ಬದಿ ತಿರುಗಿ ಕೂತಿರುತ್ತದೆ. ಆದರೆ ಗ್ಯಾಸ್ ಪೈಪು, ತ್ರೀ ಫೇಸ್, ಮೈಕ್ರೊವೇವ್ ಒಲೆಯ ಒಳಭಾಗ, ಈ ಮೂರನ್ನು ಪರವಾನಗಿ ಇದ್ದವರಿಗೇ ಬಿಡಿ. ಮೈಕ್ರೊವೇವಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಜೀವ ತೆಗೆಯಬಲ್ಲದು.

5. ದಿನಚರಿ ಬೇಡ, ಋತುಚರ್ಯೆ ಇರಲಿ.

ಎಲ್ಲವನ್ನೂ ದಿನಕ್ಕಿಷ್ಟು ಎಂದು ಹಂಚಿದರೆ ಯಾವುದೂ ಮುಗಿಯುವುದಿಲ್ಲ. ಮಳೆಗಾಲದಲ್ಲಿ ಅಂಟು ಬೇಗ ಒಣಗದು, ರಟ್ಟಿಗೆ ಬೂಷ್ಟು ಬರುತ್ತದೆ, ಆಗ ಯಂತ್ರಗಳ ಕೆಲಸ ಮತ್ತು ಬೆಸುಗೆ. ಜನವರಿಯಿಂದ ಮಾರ್ಚ್ ಬೈಂಡಿಂಗಿಗೆ. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸಿದರೆ ಹುಳ ಹತ್ತಿರ ಸುಳಿಯದು, ಮಕ್ಕಳ ಕೈಗೆ ಮಾತ್ರ ಸಿಗದಂತಿಡಿ, ಅದು ವಿಷ. ಬೇಸಿಗೆ ಮರಕ್ಕೆ, ಜೂನ್ ಸೊಪ್ಪಿಗೆ. ಬಿಟ್ಟ ಕೆಲಸ ಮರೆತುಹೋಗುವುದೆಂಬ ಭಯ ಬೇಡ. ಮುಂದಿನ ವರ್ಷ ಅದೇ ಹೊತ್ತಿಗೆ ಕೈ ತಾನೇ ಮರಳುತ್ತದೆ.

6. ದೊಡ್ಡವರಿಂದ ಏನನ್ನು ತೆಗೆದುಕೊಳ್ಳಬೇಕು?

ಕಾರಂತರು ತಮ್ಮ ಆತ್ಮಕಥೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದೇ ಹೆಸರಿಟ್ಟರು. ಬಿ.ಜಿ.ಎಲ್. ಸ್ವಾಮಿ ಸಸ್ಯವಿಜ್ಞಾನಿ, ‘ಹಸುರು ಹೊನ್ನು’ ಪುಸ್ತಕದಲ್ಲಿ ಗಿಡಗಳ ಬಗ್ಗೆ ಬರೆದದ್ದೂ ಅವನ್ನು ಚಿತ್ರಿಸಿದ್ದೂ ಅವರೇ. ತೇಜಸ್ವಿ ಮೂಡಿಗೆರೆಯಲ್ಲಿ ಕಾಫಿ ಬೆಳೆದರು, ಹಕ್ಕಿಗಳ ಫೋಟೊ ತೆಗೆದರು, ಗಾಳ ಹಾಕಿದರು, ಕಂಪ್ಯೂಟರಿನ ಕನ್ನಡಕ್ಕಾಗಿ ತಲೆಕೆಡಿಸಿಕೊಂಡರು. ಅವರ ಪ್ರತಿಭೆ ನಮಗೆ ಬರಲಾರದು. ಆದರೆ ಸ್ವಾಮಿಯವರ ಕುಂಚ ಎಲೆಯನ್ನು ನೋಡುವ ಅವರ ಕಣ್ಣನ್ನು ಹರಿತ ಮಾಡಿತು ಎಂಬುದು ನನ್ನ ನಂಬಿಕೆ. ಒಂದು ಆಸಕ್ತಿ ಇನ್ನೊಂದಕ್ಕೆ ನೀರೆರೆಯುತ್ತಿದೆಯೇ ಎಂಬುದನ್ನಷ್ಟೇ ನಾವು ನೋಡಿಕೊಳ್ಳಬೇಕು.

7. ಒಂದನ್ನು ಯಾರಿಗೂ ಮಾರಬೇಡಿ.

ನನಗದು ವೀಣೆ. ಅದರಿಂದ ಒಂದು ರೂಪಾಯಿಯನ್ನೂ ತೆಗೆದುಕೊಂಡಿಲ್ಲ, ತೆಗೆದುಕೊಳ್ಳುವುದೂ ಇಲ್ಲ.

8. ಉಳಿದದ್ದನ್ನೆಲ್ಲ ಬೀದಿಗೆ ಕೊಡಿ.

2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾರ್ಟೀನ್ ಪೋಸ್ಟ್ಮಾ ಎಂಬ ಹೆಂಗಸು ರಿಪೇರಿ ಕೆಫೆ ಶುರುಮಾಡಿದರು. ಕೆಟ್ಟದ್ದನ್ನು ತಂದವರು ಬಲ್ಲವರ ಪಕ್ಕ ಕೂತು ತಾವೇ ಸರಿಮಾಡಿಕೊಳ್ಳಬೇಕು. 2015ರಲ್ಲಿ ಅದು ಬೆಂಗಳೂರಿಗೂ ಬಂತು. ನಮ್ಮ ಗಲ್ಲಿಗಳಲ್ಲಿ ಹೆಸರಿಲ್ಲದೆ ನಡೆಯುತ್ತಿದ್ದದ್ದೂ ಇದೇ. ಯಾರಿಗೂ ಬೇಕಾಗದ ಕೌಶಲ ಬೇಗ ಜಂಗು ಹಿಡಿಯುತ್ತದೆ. ಪಕ್ಕದ ಮನೆಯ ಮಿಕ್ಸಿ ಬಾಗಿಲಿಗೆ ಬಂದಾಗ ಮಾತ್ರ ಕಲಿತದ್ದು ಚುರುಕಾಗಿರುತ್ತದೆ.

ಕಲಿಯಲು ಬರುವವರಿಗೆ ದೂರದ ನೆಪವೂ ಈಗಿಲ್ಲ. 2023ರ ಅಕ್ಟೋಬರಿನಿಂದ ವೈಟ್‌ಫೀಲ್ಡ್, ಕೆ.ಆರ್. ಪುರದವರಿಗೆ ಹಲಸೂರಿನವರೆಗೂ ಒಂದೇ ಮೆಟ್ರೊ. ಇಲ್ಲಿನ ಹಳೆಯ ಅಂಗಡಿಗಳಲ್ಲಿ ಕೂತಿರುವ ಎಷ್ಟೋ ಮಂದಿಗೆ ಎಪ್ಪತ್ತು ದಾಟಿದೆ, ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ, ಕೇಳಿದವರಿಗೆ ಕಲಿಸುವ ಮನಸ್ಸು ಇನ್ನೂ ಇದೆ. ಮನೆಯಲ್ಲಿ ಕೆಟ್ಟುಬಿದ್ದಿರುವ ಒಂದು ವಸ್ತುವನ್ನು ಹಿಡಿದು ಈ ಶನಿವಾರವೇ ಬನ್ನಿ.