ಪೈಕಾನ್‌ನಲ್ಲಿ ಕುರ್ಚಿ ಹಿಡಿಯಬೇಡಿ, ಕೆಲಸ ಹಿಡಿಯಿರಿ

ಕೈಯಲ್ಲಿ ಡಿಗ್ರಿ ಇದೆ, ಲ್ಯಾಪ್‌ಟಾಪ್‌ನಲ್ಲಿ ಪೈಥಾನ್ ಇದೆ, ಇಂಡಸ್ಟ್ರಿಯಲ್ಲಿ ಮಾತ್ರ ಒಬ್ಬರ ಪರಿಚಯವೂ ಇಲ್ಲ. ಇದು ನಿಮ್ಮ ಕತೆಯಾದರೆ ಪೈಕಾನ್ ಇಂಡಿಯಾ ನಿಮಗೆ ಬೇಕಾದ ಜಾಗ. 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ಈ ರಾಷ್ಟ್ರೀಯ ಪೈಥಾನ್ ಸಮ್ಮೇಳನ ಪುಣೆ, ದೆಹಲಿ, ಹೈದರಾಬಾದ್, ಚೆನ್ನೈ ಸುತ್ತಿ, ಕೋವಿಡ್ ಕಾಲದಲ್ಲಿ ಆನ್‌ಲೈನ್‌ಗೆ ಹೋಗಿ, 2024ರಲ್ಲಿ ಮತ್ತೆ ಬೆಂಗಳೂರಿನ ನಿಮ್ಹಾನ್ಸ್ ಕನ್ವೆನ್ಷನ್ ಸೆಂಟರ್‌ಗೆ ಬಂತು. ನಡೆಸುವವರು ವಾಲಂಟಿಯರ್‌ಗಳು. ಹಗಲು ಆಫೀಸು, ರಾತ್ರಿ ಸಮ್ಮೇಳನದ ಕೆಲಸ. ಹಾಗಾಗಿ ಅಲ್ಲಿ ಕೆಲಸ ಯಾವಾಗಲೂ ಹೆಚ್ಚು, ಕೈಗಳು ಯಾವಾಗಲೂ ಕಡಿಮೆ. ಆ ಕೊರತೆಯೇ ನಿಮ್ಮ ಅವಕಾಶ.

1. ಟಿಕೆಟ್ ಕೊಳ್ಳುವ ಮೊದಲು ವಾಲಂಟಿಯರ್ ಆಗಿ

ಮದುವೆ ಮನೆಯಲ್ಲಿ ಸಾಂಬಾರಿನ ಬಕೆಟ್ ಹಿಡಿದವನಿಗೆ ಎರಡೂ ಕಡೆಯ ನೆಂಟರ ಪರಿಚಯವಾಗುತ್ತದೆ. ಉಂಡು ಹೋದವನಿಗೆ ಪಾಯಸದ ರುಚಿಯಷ್ಟೇ ನೆನಪು. ರಿಜಿಸ್ಟ್ರೇಷನ್ ಡೆಸ್ಕ್‌ನಲ್ಲಿ ಒಂದು ಬೆಳಿಗ್ಗೆ ಬ್ಯಾಡ್ಜ್ ಹಂಚಿ ನೋಡಿ. ನೀವು ಯಾರ ಲೈಬ್ರರಿಯನ್ನು ದಿನವೂ ಇಂಪೋರ್ಟ್ ಮಾಡುತ್ತೀರೋ ಅವರೇ ಎದುರಿಗೆ ಬಂದು ತಮ್ಮ ಹೆಸರು ಹೇಳುತ್ತಾರೆ. ಸಮ್ಮೇಳನ ನಡೆಯುವುದು ಹೆಚ್ಚಾಗಿ ಸೆಪ್ಟೆಂಬರ್ ಆಸುಪಾಸಿನಲ್ಲಿ, ತಯಾರಿ ಶುರುವಾಗುವುದು ತಿಂಗಳುಗಳ ಮೊದಲು. ಆಗಲೇ ಸೇರಿ. ಕೊನೇ ವಾರ ಬಂದವರಿಗೆ ಉಳಿಯುವುದು ಕುರ್ಚಿ ಜೋಡಿಸುವ ಕೆಲಸ. ಅದನ್ನೂ ಮಾಡಿ, ತಪ್ಪೇನಿಲ್ಲ.

2. ‘ಏನು ಕೊಟ್ಟರೂ ಮಾಡ್ತೀನಿ ಸರ್’ ಎನ್ನಬೇಡಿ

ಹಾಗೆ ಹೇಳುವವನಿಗೆ ಕೆಲಸ ಹುಡುಕುವುದೇ ಸಂಘಟಕರಿಗೆ ಇನ್ನೊಂದು ಕೆಲಸ. ‘ಸ್ಪಾನ್ಸರ್‌ಗಳಿಗೆ ಮೇಲ್ ಬರೆಯುತ್ತೇನೆ’, ‘ವೆಬ್‌ಸೈಟ್‌ನ ಶೆಡ್ಯೂಲ್ ಪುಟ ನೋಡಿಕೊಳ್ಳುತ್ತೇನೆ’, ‘ಊಟದ ಲೆಕ್ಕ ನನಗೆ ಬಿಡಿ’ ಅನ್ನಿ. ಒಂದೇ ಕೆಲಸ ಹಿಡಿಯಿರಿ, ಮುಗಿಸಿ, ಮುಗಿದಿದೆ ಎಂದು ತಿಳಿಸಿ. ಈ ಮೂರನೆಯದನ್ನು ಮಾಡುವವರು ಎಷ್ಟು ಕಡಿಮೆ ಎಂದರೆ, ಮಾಡಿದವರ ಹೆಸರು ಮರೆಯುವುದಿಲ್ಲ.

3. ಟಾಕ್‌ಗೆ ಪ್ರೊಪೋಸಲ್ ಕಳಿಸಿ, ಈ ವರ್ಷವೇ

‘ನಾನಿನ್ನೂ ಕಲಿಯುತ್ತಿದ್ದೇನೆ’ ಎಂಬುದು ವಿನಯವಲ್ಲ, ಅಭ್ಯಾಸ. ಬಿಡಿಸಿಕೊಳ್ಳಿ. ಗಿಡೊ ವಾನ್ ರೋಸಮ್ 1989ರ ಕ್ರಿಸ್‌ಮಸ್ ರಜೆಯಲ್ಲಿ ಹವ್ಯಾಸಕ್ಕೆಂದು ಕೈಗೆತ್ತಿಕೊಂಡ ಪ್ರಾಜೆಕ್ಟೇ ಪೈಥಾನ್. ತಾನು ಪೂರ್ತಿ ತಯಾರಾಗಲಿ ಎಂದು ಅವರು ಕಾದು ಕೂತಿರಲಿಲ್ಲ.

ವಿಷಯವನ್ನು ದೊಡ್ಡದು ಮಾಡಬೇಡಿ, ಚೂಪು ಮಾಡಿ. ‘ಮೆಷಿನ್ ಲರ್ನಿಂಗ್ ಪರಿಚಯ’ ಎಂಬ ಪ್ರೊಪೋಸಲ್ ಹತ್ತಾರು ಬರುತ್ತವೆ, ಒಂದರ ಮುಖ ಇನ್ನೊಂದರ ಹಾಗೇ ಇರುತ್ತದೆ. ಕನ್ನಡದ ಒತ್ತಕ್ಷರಗಳನ್ನು ಪೈಥಾನ್‌ನ ಲೆನ್ ಫಂಕ್ಷನ್ ಹೇಗೆ ಎಣಿಸುತ್ತದೆ ಗೊತ್ತೇ? ‘ಕ್ಷ’ ಎಂಬ ಒಂದೇ ಅಕ್ಷರಕ್ಕೆ ಅದು 3 ಎನ್ನುತ್ತದೆ, ಏಕೆಂದರೆ ಅದು ಎಣಿಸುವುದು ಯೂನಿಕೋಡ್ ಕೋಡ್ ಪಾಯಿಂಟ್‌ಗಳನ್ನು: ಕ, ಹಲಂತ ಚಿಹ್ನೆ (್), ಷ. ಸರ್ಚ್ ಬಾಕ್ಸ್‌ನಲ್ಲೋ ಎಸ್ಸೆಮ್ಮೆಸ್ ಮಿತಿಯಲ್ಲೋ ಇದು ತಂದಿಡುವ ಫಜೀತಿ ಒಂದು ಟಾಕ್‌ಗೆ ಧಾರಾಳ ಸಾಕು. ಇಂಥದ್ದು ಕ್ಯಾಲಿಫೋರ್ನಿಯಾದವನಿಗೆ ಹೊಳೆಯುವುದಕ್ಕಿಂತ ಮೊದಲು ದಾವಣಗೆರೆಯವನಿಗೆ ಹೊಳೆಯಬೇಕು.

ಪ್ರೊಪೋಸಲ್‌ನಲ್ಲಿ ಮೂರು ವಿಷಯ ಸ್ಪಷ್ಟವಾಗಿರಲಿ: ಕೇಳುವವರು ಯಾರು, ಅವರಿಗೆ ಮೊದಲೇ ಏನು ಗೊತ್ತಿರಬೇಕು, ಎದ್ದು ಹೋಗುವಾಗ ಏನು ಮಾಡಲು ಬರುತ್ತದೆ. ಪೈಕಾನ್ ಇಂಡಿಯಾ ಪ್ರೊಪೋಸಲ್‌ಗಳಿಗೆಂದು ವರ್ಷಗಟ್ಟಲೆ ಬಳಸಿದ ‘ಜಂಕ್ಷನ್’ ಎಂಬ ತಾಣವನ್ನು ಸಮುದಾಯದವರೇ ಜಾಂಗೋದಲ್ಲಿ ಕಟ್ಟಿದ್ದು. ಅಲ್ಲಿ ಪ್ರೊಪೋಸಲ್‌ಗಳು ಎಲ್ಲರ ಕಣ್ಣಿಗೂ ಬೀಳುತ್ತಿದ್ದವು, ಓದಿದವರು ಕಾಮೆಂಟ್ ಹಾಕುತ್ತಿದ್ದರು. ಹಳೆಯ ವರ್ಷಗಳದ್ದನ್ನು ತೆರೆದು ಆಯ್ಕೆಯಾದ ಹತ್ತು, ಆಗದ ಹತ್ತು ಓದಿ. ಯಾವ ಕೋಚಿಂಗ್ ಕ್ಲಾಸೂ ಇಷ್ಟು ಕಲಿಸುವುದಿಲ್ಲ. ತಿರಸ್ಕಾರವಾದರೆ ಅದೇ ವಿಷಯವನ್ನು ಪೋಸ್ಟರ್‌ಗೋ ಲೈಟ್ನಿಂಗ್ ಟಾಕ್‌ಗೋ ಇಳಿಸಿ. ಲೈಟ್ನಿಂಗ್ ಟಾಕ್‌ಗೆ ಐದು ನಿಮಿಷ, ಕಾಲು ನಡುಗಿದರೂ ಐದೇ ನಿಮಿಷ.

4. ಮೊದಲು ಊರಲ್ಲಿ ಮಾತಾಡಿ

ಬೆಂಗಳೂರಿನವರಿಗೆ ಬ್ಯಾಂಗ್‌ಪೈಪರ್ಸ್ ಎಂಬ ಪೈಥಾನ್ ಬಳಕೆದಾರರ ಗುಂಪು ಇದೆ, ಅದರ ಮೀಟಪ್‌ಗೆ ಹೋಗಿ. ಹತ್ತಿರದಲ್ಲಿ ಗುಂಪೇ ಇಲ್ಲವೇ? ಕಾಲೇಜಿನ ಸೆಮಿನಾರ್ ಹಾಲ್ ಕೇಳಿ, ಶನಿವಾರ ಮಧ್ಯಾಹ್ನ ಕನ್ನಡದಲ್ಲೇ ಹೇಳಿ. ವಿವರಿಸುವಾಗ ಎಲ್ಲಿ ತಡವರಿಸಿದಿರೋ ಅಲ್ಲಿ ನಿಮಗೇ ಅರ್ಥವಾಗಿಲ್ಲ ಎಂದು ಗುರುತು ಹಾಕಿಕೊಳ್ಳಿ.

5. ‘ಇಂಗ್ಲಿಷ್ ಬರಲ್ಲ’, ‘ದುಡ್ಡಿಲ್ಲ’: ಎರಡನ್ನೂ ಪಟ್ಟಿಯಿಂದ ಅಳಿಸಿ

ಕೋಡ್ ಓಡಿದರೆ ಸಭೆ ವ್ಯಾಕರಣ ನೋಡುವುದಿಲ್ಲ. ಇನ್ನು ದುಡ್ಡು. ಫೈನಾನ್ಶಿಯಲ್ ಏಡ್‌ಗೆ ಅರ್ಜಿ ಕರೆದರೆ ಸಂಕೋಚವಿಲ್ಲದೆ ಹಾಕಿ, ಅದು ಭಿಕ್ಷೆಯಲ್ಲ. ಅಮೆರಿಕದ ಪೈಕಾನ್‌ನಲ್ಲಿ ಬಹುಕಾಲ ಒಂದು ಪದ್ಧತಿ ಇತ್ತು: ಭಾಷಣಕಾರರು, ಸಂಘಟಕರು ಎಲ್ಲರೂ ತಮ್ಮ ಟಿಕೆಟ್ ತಾವೇ ಕೊಳ್ಳಬೇಕು. ಯಾರಿಗೂ ಪುಕ್ಕಟೆ ಪಾಸ್ ಇಲ್ಲದಿದ್ದರೆ ಟಿಕೆಟ್ ಬೆಲೆ ಏರುವುದಿಲ್ಲ, ನಿಜವಾಗಿ ಕೈ ಖಾಲಿ ಇರುವವರಿಗೆ ಕೊಡಲು ಹಣ ಉಳಿಯುತ್ತದೆ. ಏಡ್‌ನ ಹಣ ಇರುವುದೇ ನಿಮ್ಮಂಥವರನ್ನು ಕರೆಸಲು.

6. ಕಾರಿಡಾರ್‌ನಲ್ಲಿ ನಿಲ್ಲಿ

ಟಾಕ್‌ಗಳ ವಿಡಿಯೊ ಆಮೇಲೆ ಯೂಟ್ಯೂಬ್‌ನಲ್ಲಿ ಸಿಗುತ್ತದೆ, ಕಾಫಿ ಕ್ಯೂ ಸಿಗುವುದಿಲ್ಲ. ಗುಂಪಾಗಿ ನಿಂತಾಗ ಒಬ್ಬರಿಗೆ ಜಾಗ ಬಿಟ್ಟು ನಿಲ್ಲಿ. ರೀಡ್ ದ ಡಾಕ್ಸ್ ಎಂಬ ಡಾಕ್ಯುಮೆಂಟೇಷನ್ ತಾಣ ಕಟ್ಟಿದವರಲ್ಲೊಬ್ಬರಾದ ಎರಿಕ್ ಹೋಲ್ಷರ್ ಇದಕ್ಕೆ ಪ್ಯಾಕ್‌ಮ್ಯಾನ್ ನಿಯಮ ಎಂದು ಹೆಸರಿಟ್ಟಿದ್ದಾರೆ: ಮೇಲಿನಿಂದ ನೋಡಿದರೆ ಗುಂಪು ಬಾಯಿ ತೆರೆದ ಪ್ಯಾಕ್‌ಮ್ಯಾನ್‌ನಂತೆ ಕಾಣಬೇಕು. ಹೊಸಬರು ಆ ಸಂದಿಯಿಂದ ಒಳಗೆ ಬರುತ್ತಾರೆ. ಹೊಸಬರು ನೀವೇ ಆಗಿದ್ದರೆ ಸಂದಿ ಹುಡುಕಿ ನುಗ್ಗಿ. ‘ಜಾಬ್ ಇದೆಯಾ?’ ಎಂದು ಶುರು ಮಾಡಬೇಡಿ. ‘ನೀವು ಈಗ ಯಾವ ಬಗ್ ಜೊತೆ ಗುದ್ದಾಡುತ್ತಿದ್ದೀರಿ?’ ಎಂದು ಕೇಳಿ. ಅರ್ಧ ಗಂಟೆ ಮಾತು ಗ್ಯಾರಂಟಿ. ಸ್ಟಾಲ್‌ಗಳಲ್ಲಿ ಟೀ ಶರ್ಟು, ಸ್ಟಿಕ್ಕರಿಗೆ ಮುಗಿಬೀಳುವವರನ್ನು ಅವರ ಪಾಡಿಗೆ ಬಿಡಿ.

7. ಡೆವ್‌ಸ್ಪ್ರಿಂಟ್‌ಗೆ ಉಳಿಯಿರಿ

ಸ್ಪ್ರಿಂಟ್ ಎಂದರೆ ಒಂದು ಓಪನ್ ಸೋರ್ಸ್ ಪ್ರಾಜೆಕ್ಟ್ ನಡೆಸುವವರು ನಿಮ್ಮ ಪಕ್ಕದಲ್ಲೇ ಕೂತು ಕೋಡ್ ತೋರಿಸುವ ದಿನ. ಮನೆಯಲ್ಲಿ ಕೂತು ಪುಲ್ ರಿಕ್ವೆಸ್ಟ್ ಕಳಿಸಿದರೆ ಉತ್ತರಕ್ಕೆ ವಾರಗಟ್ಟಲೆ ಕಾಯಬೇಕಾಗಬಹುದು, ಇಲ್ಲಿ ತಲೆ ತಿರುಗಿಸಿ ಕೇಳಿದರೆ ಮುಗಿಯಿತು. ಆದರೂ ಬಹಳ ಮಂದಿ ಬರಿಗೈಯಲ್ಲಿ ಎದ್ದು ಹೋಗುತ್ತಾರೆ, ಕಾರಣ ಒಂದೇ: ಬೆಳಗಿನ ಹೊತ್ತೆಲ್ಲ ಇನ್‌ಸ್ಟಾಲ್ ಮಾಡುವುದರಲ್ಲೇ ಕಳೆಯುತ್ತದೆ. ಹಿಂದಿನ ರಾತ್ರಿಯೇ ರೆಪೊ ಕ್ಲೋನ್ ಮಾಡಿ, ವರ್ಚುವಲ್ ಎನ್ವಿರಾನ್‌ಮೆಂಟ್ ಕಟ್ಟಿ, ಟೆಸ್ಟ್‌ಗಳನ್ನು ಒಮ್ಮೆ ಓಡಿಸಿ ಮಲಗಿ. ಇನ್‌ಸ್ಟಾಲ್ ಸೂಚನೆಯಲ್ಲಿ ಎಲ್ಲಿ ಎಡವಿದಿರೋ ಅದನ್ನೇ ತಿದ್ದಿ ಕಳಿಸಿ, ಅದೇ ನಿಮ್ಮ ಮೊದಲ ಪುಲ್ ರಿಕ್ವೆಸ್ಟ್. ಡಾಕ್ಯುಮೆಂಟೇಷನ್ ತಿದ್ದುವುದನ್ನು ಕೀಳು ಕೆಲಸವೆಂದು ಯಾರಾದರೂ ಹೇಳಿದರೆ, ಅವರು ಯಾವ ಪ್ರಾಜೆಕ್ಟನ್ನೂ ನಡೆಸಿಲ್ಲ ಎಂದು ತಿಳಿಯಿರಿ.

8. ಮುಗಿದ ಮೇಲೂ ಕಾಣಿಸಿಕೊಳ್ಳಿ

ವಾರದೊಳಗೆ, ಭೇಟಿಯಾದ ಐದು ಜನರಿಗೆ ಬರೆಯಿರಿ. ಒಬ್ಬೊಬ್ಬರಿಗೂ ಒಂದೊಂದು ನಿರ್ದಿಷ್ಟ ಸಾಲು, ಫಾರ್ವರ್ಡ್ ಬೇಡ. ರೆಸ್ಯೂಮೆಯಲ್ಲಿ ‘ಪೈಕಾನ್‌ಗೆ ಹಾಜರಾಗಿದ್ದೆ’ ಎಂದು ಬರೆಯಬೇಡಿ, ಅದು ಬಸ್ ಟಿಕೆಟ್ ಇದ್ದವರೆಲ್ಲ ಬರೆಯಬಹುದಾದ ಸಾಲು. ಹೊತ್ತ ಜವಾಬ್ದಾರಿ ಬರೆಯಿರಿ, ಮರ್ಜ್ ಆದ ಪುಲ್ ರಿಕ್ವೆಸ್ಟ್‌ನ ಲಿಂಕ್ ಕೊಡಿ. ಭಾರತದ ಪೈಥಾನ್ ಸಮುದಾಯಕ್ಕಾಗಿ ದುಡಿದವರಿಗೆ ಕೊಡುವ ಕೆನೆತ್ ಗೊನ್ಸಾಲ್ವಿಸ್ ಪ್ರಶಸ್ತಿ 2012ರಿಂದ ಇದೆ. ಒಂದು ವಾರಾಂತ್ಯದ ಉತ್ಸಾಹ ನೋಡಿ ಕೊಡುವ ಪ್ರಶಸ್ತಿ ಅದಲ್ಲ. ಆದ್ದರಿಂದ ಸಮ್ಮೇಳನ ಮುಗಿದ ಮೇಲೆ ಸಂಘಟಕರು ತಪ್ಪು ಒಪ್ಪುಗಳ ವಿಮರ್ಶೆಗೆ ಕೂತರೆ ನೀವೂ ಕೂರಿ, ನೋಟ್ಸ್ ಬರೆದುಕೊಳ್ಳುವ ಕೆಲಸ ನೀವೇ ಕೇಳಿ ಪಡೆಯಿರಿ. ಮುಂದಿನ ವರ್ಷ ಯಾವ ಕೆಲಸಕ್ಕೆ ಆಳಿಲ್ಲ ಎಂಬುದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಆ ನೋಟ್ಸ್ ಬರೆದವರಿಗೇ.